ಎರಡನೇ ಭಾಗ ಸೊಲ್ಲಾಪುರಕ್ಕೆ ಬರಲಿಲ್ಲ

ಅಕ್ಕ ಮೂರನೇ ಸಲ ಬಸುರಿಯಾದಾಗ, ಹೆರಿಗೆಯಾಗುವ ತನಕ ಹಾಸಿಗೆ ಬಿಟ್ಟು ಏಳಕೂಡದೆಂದು ಅಫಜಲಪುರದ ಡಾಕ್ಟರಮ್ಮ ಹೇಳಿದ್ದರು. ಮೊದಲಿನ ಎರಡೂ ನಾಲ್ಕನೇ ತಿಂಗಳಿನಲ್ಲೇ ಹೋಗಿದ್ದವು. ಆ ಹೊತ್ತಿಗೆ ನಾನು ಪಿಯುಸಿ ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿ, ಆಳಂದದ ನಮ್ಮ ಮನೆಯಲ್ಲಿ ಯಾರ ಕಣ್ಣಿಗೂ ಬೀಳದಂತೆ ಓಡಾಡಿಕೊಂಡಿದ್ದೆ. "ಇಲ್ಲಿ ಕುಂತು ಏನ್ ಮಾಡ್ತಿ? ಅಕ್ಕನ ಕಡೆ ಹೋಗಿ ಇರು, ಅಕಿಗೂ ಒಂದು ಆಸರ ಆಗ್ತದ," ಎಂದು ಅವ್ವ ನನ್ನ ಬಟ್ಟೆ ಕಟ್ಟಿಕೊಟ್ಟಳು. ಅವು ತೊಂಬತ್ತರ ದಶಕದ ನಡುವಿನ ವರ್ಷಗಳು. ತಂಗಿಯಾದ ನನಗೆ ಹತ್ತೊಂಬತ್ತು, ಅಕ್ಕನಿಗೆ ಇಪ್ಪತ್ತೈದು.

ಅಕ್ಕನ ಮನೆಯಲ್ಲಿ ಇದ್ದವರು ಮೂವರೇ: ಅಕ್ಕ, ಭಾವ, ಭಾವನ ತಾಯಿ. ಭಾವ ಅರಿವೆ ಅಂಗಡಿ ಇಟ್ಟಿದ್ದರು; ಮಾಲು ತರಲು ವಾರಕ್ಕೊಮ್ಮೆ ಸೊಲ್ಲಾಪುರಕ್ಕೆ ಹೋಗಿಬರುತ್ತಿದ್ದರು. ಮನೆಯಲ್ಲಿ ಅವರು ಮಾತಾಡುವುದೇ ಕಡಿಮೆ. ಅಕ್ಕ ದಿನವಿಡೀ ಜಂತಿ ಎಣಿಸುತ್ತ ಮಲಗಿರುವುದನ್ನು ನೋಡಲಾಗದೆ ಒಂದು ಸಲ ಸೀರೆಗಳ ಗಂಟಿನ ಜೊತೆ ಟಿವಿಗೆ ಜೋಡಿಸುವ ಆಟದ ಮಶೀನೊಂದನ್ನು ತಂದರು.

"ಡಾಕ್ಟರು ಮನಸ್ಸು ಹಗುರ ಇರಬೇಕು ಅಂದಾರಲ್ಲ, ಅದಕ್ಕ," ಎಂದು ಯಾರೂ ಕೇಳದಿದ್ದರೂ ಹೇಳಿದರು.

ಜೊತೆಗೆ ಬಂದ ಕ್ಯಾಸೆಟ್ಟಿನ ಮೇಲೆ ನೂರು ಆಟ ಎಂದು ಬರೆದಿತ್ತು. ಆಡಿ ನೋಡಿದರೆ ಆರೋ ಏಳೋ ಆಟಗಳೇ ಬೇರೆ ಬೇರೆ ಹೆಸರು ಹೊತ್ತು ಮತ್ತೆ ಮತ್ತೆ ಬರುತ್ತಿದ್ದವು. ಎಲ್ಲದರಲ್ಲೂ ಗುಂಡು, ಬಾಂಬು. ಅಕ್ಕನ ಅತ್ತೆಗೆ ಅದು ಸರಿಬರಲಿಲ್ಲ. "ಬಸುರಿ ಹೆಂಗಸಿನ ಮುಂದ ಇದೇನು ಹೊಡಿ ಬಡಿ? ತಗೊಂಡು ಹೋಗಿ ಕೊಟ್ಟು ಬಾ," ಎಂದು ಮಗನಿಗೆ ಗದರಿದರು. ಮುಂದಿನ ವಾರ ಭಾವ ಆ ಕ್ಯಾಸೆಟ್ಟು ಕೊಟ್ಟು ಬೇರೆಯದು ತಂದರು. ಅದರ ಡಬ್ಬಿಯ ಮೇಲೆ ರೆಕ್ಕೆಯ ಕುದುರೆ ಏರಿದ ಒಬ್ಬ ಹೆಂಗಸಿದ್ದಳು. ಕೈಯಲ್ಲಿ ಕತ್ತಿ, ಹಿಂದೆ ಹಿಮದ ಬೆಟ್ಟ, ಬೆಟ್ಟದ ನೆತ್ತಿಯಲ್ಲಿ ಹೊಳೆಯುವ ಕೆರೆ.

"ಅಂಗಡಿಯವ ಹೇಳ್ಯಾನ, ಇದು ಬರೇ ಆಟ ಅಲ್ಲಂತ, ಕಥಿ ಅಂತ. ತಿಂಗಳಗಟ್ಟಲೆ ನಡೀತದಂತ," ಎಂದರು ಭಾವ. ಅಕ್ಕ ಡಬ್ಬಿಯನ್ನು ಎದೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

ಟಿವಿ ಹಚ್ಚಿದಾಗ ಕುದುರೆ ಬರಲಿಲ್ಲ. ಹಸಿರು ಚೌಕಗಳ ನಡುವೆ ಇರುವೆಯಷ್ಟು ಪುಟ್ಟ ಗೊಂಬೆ ನಿಂತಿತ್ತು. ಆಟದೊಳಗಿನ ಯಾರ ಎದುರಾದರೂ ಹೋಗಿ ಗುಂಡಿ ಒತ್ತಿದರೆ ಪರದೆಯ ಕೆಳಗೆ ಇಂಗ್ಲಿಷಿನ ಸಾಲುಗಳು ಮೂಡುತ್ತಿದ್ದವು. ಅದನ್ನು ನೋಡಿ ನನಗೆ ಪರೀಕ್ಷೆಯ ಕೋಣೆಯೇ ನೆನಪಾಯಿತು. ಅಕ್ಕ ಏಳನೇ ತರಗತಿಗೆ ಶಾಲೆ ಬಿಟ್ಟವಳು. ಇಂಗ್ಲಿಷ್ ಅಕ್ಷರ ಗುರುತಿಸುತ್ತಿದ್ದಳು, ಕೂಡಿಸಿ ಓದಲು ಬರುತ್ತಿರಲಿಲ್ಲ. "ಓದಬೇ, ಏನಂತಾರ ಅವರು?" ಎಂದಳು. ಬಟ್ಟೆಯ ಗಂಟಿನಲ್ಲಿ ಅವ್ವ ತುರುಕಿದ್ದ ಡಿಕ್ಷನರಿಯನ್ನು ಅಂದೇ ಮೊದಲ ಸಲ ಹೊರಗೆ ತೆಗೆದೆ.

ಕಥೆ ತಿಳಿಯಲು ಎರಡು ದಿನ ಹಿಡಿಯಿತು. ಒಂದು ಹಳ್ಳಿಯ ಬಾವಿಯ ನೀರು ಕಪ್ಪಾಗಿದೆ. ಅದನ್ನು ಕುಡಿದ ಮಕ್ಕಳು ಮಲಗಿದವರು ಏಳುತ್ತಿಲ್ಲ. ಬೆಟ್ಟದ ನೆತ್ತಿಯ ಕೆರೆಯ ನೀರು ತಂದು ಕುಡಿಸಿದರೆ ಏಳುತ್ತಾರೆ. ಅದನ್ನು ತರಲು ಒಬ್ಬ ಹೆಂಗಸು ಹೊರಡುತ್ತಾಳೆ. ದಾರಿಯಲ್ಲಿ ಒಬ್ಬ ಮುದುಕ ಮಂತ್ರಗಾರ, ಒಬ್ಬ ಕಳ್ಳ ಅವಳ ಜೊತೆಯಾಗುತ್ತಾರೆ. ಆ ಹೆಂಗಸಿಗೆ ಹೆಸರು ನಾವೇ ಇಡಬೇಕಿತ್ತು, ನಾಲ್ಕೇ ಇಂಗ್ಲಿಷ್ ಅಕ್ಷರದಲ್ಲಿ.

"ಏನ್ ಇಡೂಣು?" ಎಂದು ಕೇಳಿದೆ. ಅಕ್ಕ ಬಾಗಿಲ ಕಡೆ ನೋಡಿ, ಅತ್ತೆ ಹಿತ್ತಲಲ್ಲಿದ್ದಾರೆಂದು ಖಾತ್ರಿ ಮಾಡಿಕೊಂಡು, ಒಂದು ಹೆಸರು ಹೇಳಿದಳು. ಹುಟ್ಟುವುದು ಹೆಣ್ಣಾದರೆ ಎಂದು ಮೊದಲ ಬಸುರಿನಿಂದಲೂ ಮನಸ್ಸಿನಲ್ಲಿಟ್ಟುಕೊಂಡಿದ್ದ ಹೆಸರಂತೆ. ಭಾವನಿಗೂ ಹೇಳಿರಲಿಲ್ಲ. ನಾನು ಅದನ್ನು ಒತ್ತಿದೆ. ಹಾಗೆ ಒತ್ತುವಾಗ ಕೈ ತಡೆಯಬೇಕಿತ್ತೆಂದು ಆಮೇಲೆ ಎಷ್ಟು ಸಲ ಅಂದುಕೊಂಡಿದ್ದೇನೋ.

ಬೆಟ್ಟ ದೂರವಿತ್ತು. ಹಳ್ಳಿ ದಾಟಿ ನಾಲ್ಕು ಹೆಜ್ಜೆ ಇಟ್ಟರೆ ಕಪ್ಪೆಗಳು ಅಡ್ಡ ಬರುತ್ತಿದ್ದವು, ಆಮೇಲೆ ಬಾವಲಿಗಳು. ಕೊಂದಷ್ಟೂ ಶಕ್ತಿ ಹೆಚ್ಚುತ್ತದೆ. ಶಕ್ತಿ ಹೆಚ್ಚದೆ ಮುಂದಿನ ಸೇತುವೆ ದಾಟಲಾಗದು. ಹೀಗಾಗಿ ಒಂದೇ ಹೊಲದಲ್ಲಿ ಸುತ್ತುತ್ತ ಮೂರು ದಿನ ಕಪ್ಪೆಗಳನ್ನು ಕೊಂದೆ.

"ಆ ಕಪ್ಪಿ ನಿನಗೇನ್ ಮಾಡ್ಯಾವಬೇ?" ಎಂದು ಅಕ್ಕ ನಗುತ್ತಿದ್ದಳು. ಮುದುಕನಿಗೆ 'ಮುತ್ತ್ಯಾ' ಎಂದು ಹೆಸರಿಟ್ಟಿದ್ದಳು. "ಮುತ್ತ್ಯಾನ ಮುಂದ ಕಳಿಸಬ್ಯಾಡ, ಪಾಪ, ವಯಸ್ಸಾಗ್ಯದ," ಎನ್ನುವಳು. ಕಳ್ಳನನ್ನು ಮಾತ್ರ ಕೊನೆಯ ತನಕ ನಂಬಲಿಲ್ಲ.

ನಾಲ್ಕನೆಯ ದಿನ ಕಾಡಿನಲ್ಲಿ ತೋಳವೊಂದು ಬಂದು ಮೂರೇ ಏಟಿಗೆ ಹೆಂಗಸನ್ನು ಬೀಳಿಸಿತು. ಪರದೆಯ ಕೆಳಗೆ ಅಕ್ಕ ಇಟ್ಟ ಹೆಸರು ಮೂಡಿತು. ಅದರ ಮುಂದೆ ಎರಡು ಮಾತು: ಈಸ್ ಡೆಡ್.

"ಏನಾತು?"

"ದಣದಾಳಕ್ಕಾ. ಧರ್ಮಶಾಲೆಗೆ ಹೋಗಿ ಮಲಗಿದ್ರ ಆರಾಮಾಗ್ತಾಳ."

ಅದು ಪೂರ್ತಿ ಸುಳ್ಳೇನೂ ಆಗಿರಲಿಲ್ಲ. ಆಟದಲ್ಲಿ ಸತ್ತವರನ್ನು ಗುಡಿಗೆ ಒಯ್ದರೆ ಮತ್ತೆ ಏಳುತ್ತಿದ್ದರು. ಆದರೆ ಆ ಮಾತು ದಿನಕ್ಕೆ ಐದಾರು ಸಲ ಬರುತ್ತಿತ್ತು. ಬಂದಾಗಲೆಲ್ಲ ನಾನು ದಣಿದಳು ಎಂದೇ ಓದಿದೆ. ಒಂದು ಸಲ ಅಕ್ಕ ಪರದೆಯ ಕಡೆ ಬೆರಳು ಮಾಡಿ, "ಡಿ, ಇ, ಎ, ಡಿ. ಇದು ದಣದಾಳ ಅಂತೇನ?" ಎಂದು ಕೇಳಿದಳು. ಹೌದೆಂದೆ. ಅವಳು ಮತ್ತೆ ಕೇಳಲಿಲ್ಲ.

ಆಟ ನಿಲ್ಲಿಸುವಾಗ ಒಂದು ಗುಪ್ತ ಸಂಕೇತ ಬರುತ್ತಿತ್ತು, ಇಪ್ಪತ್ತೋ ಇಪ್ಪತ್ತೆರಡೋ ಅಕ್ಷರ, ಅಂಕಿ ಎಲ್ಲ ಕಲಸಿದ್ದು. ಅದನ್ನು ಬರೆದಿಟ್ಟುಕೊಂಡು ಮರುದಿನ ಹಾಗೇ ಒತ್ತಿದರೆ ಬಿಟ್ಟ ಜಾಗದಿಂದ ಶುರು. ಒಮ್ಮೆ ಸೊನ್ನೆಯ ಬದಲು 'ಓ' ಬರೆದುಕೊಂಡು ಐದು ದಿನದ ದಾರಿ ಕಳೆದುಕೊಂಡೆ. ಬರೆಯುವ ಮೊದಲೇ ಕರೆಂಟು ಹೋದರೆ ಆ ದಿನದ್ದೆಲ್ಲ ನೀರುಪಾಲು. ಅಫಜಲಪುರದಲ್ಲಿ ಕರೆಂಟು ಹೋಗದ ದಿನವೇ ಇರಲಿಲ್ಲ. ನೋಟುಬುಕ್ಕಿನ ತುಂಬ ಅರ್ಥವಿಲ್ಲದ ಅಕ್ಷರಗಳನ್ನು ಕಂಡು ಅತ್ತೆ ಒಂದು ದಿನ, "ಇದೇನವಾ, ಮಂತ್ರಾ ಬರಿಯಾಕತ್ತಿಯೇನು?" ಎಂದು ಗಾಬರಿಯಾದರು. ಕಥೆ ಹೇಳಿದ ಮೇಲೆ ಅವರಿಗೂ ಅದರ ಚಟ ಹಿಡಿಯಿತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಬಂದು, "ನೀರು ಸಿಕ್ತೇನು ಆ ಮಕ್ಕಳಿಗೆ?" ಎಂದು ಕೇಳಿ ಅಡುಗೆಮನೆಗೆ ಹೋಗುತ್ತಿದ್ದರು.

ನಾಲ್ಕನೇ ತಿಂಗಳು ಕಳೆಯಿತು. ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರೂ ಎಣಿಸುತ್ತಿದ್ದರು. ಐದು ತುಂಬಿತು.

ಆ ಹೊತ್ತಿಗೆ ಆಟ ಅಕ್ಕನಿಗಿಂತ ನನಗೇ ಹೆಚ್ಚು ಬೇಕಾಗಿತ್ತು. ಅದನ್ನು ಈಗ ಒಪ್ಪಿಕೊಳ್ಳಲೇಬೇಕು. ನಾನು ಕೈಹಚ್ಚಿದ ಒಂದು ಕೆಲಸ ಮುಂದೆ ಸಾಗುತ್ತಿತ್ತು. ಓದಿದ ಸಾಲು ಅರ್ಥವಾಗುತ್ತಿತ್ತು. ಆರನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಗುಹೆಯೊಳಗೆ ಮೂರು ತಲೆಯ ಹಾವಿನ ಜೊತೆ ಕಾದಾಡುತ್ತಿದ್ದೆ. ಅತ್ತೆ ಹಿಟ್ಟಿನ ಗಿರಣಿಗೆ ಹೋಗಿದ್ದರು. ಅಕ್ಕ ನೀರು ಕೇಳಿದಳಂತೆ. ನನಗೆ ಕೇಳಿಸಲಿಲ್ಲ. ಕೇಳಿಸಿಯೂ 'ಒಂದು ನಿಮಿಷ' ಎಂದಿರಬಹುದು. ಆ ಬಗ್ಗೆ ನನಗೆ ಇಂದಿಗೂ ಖಾತ್ರಿಯಿಲ್ಲ. ಹಾವು ಸತ್ತ ಮೇಲೆ ತಿರುಗಿ ನೋಡಿದರೆ ಹಾಸಿಗೆ ಖಾಲಿ. ಅಕ್ಕ ಅಡುಗೆಮನೆಯಲ್ಲಿ ಕೊಡದ ಪಕ್ಕ ಗೋಡೆ ಹಿಡಿದು ನಿಂತಿದ್ದಳು.

ಸಂಜೆ ರಕ್ತ ಕಾಣಿಸಿತು. ಡಾಕ್ಟರಮ್ಮ ಮನೆಗೇ ಬಂದು ಇಂಜೆಕ್ಷನ್ ಕೊಟ್ಟು, "ಇನ್ನೊಂದ್ ಸಲ ಎದ್ರ ನಾ ಜವಾಬ್ದಾರಿಯಲ್ಲ," ಎಂದು ಹೋದರು. ಮೂರನೇ ದಿನಕ್ಕೆ ರಕ್ತ ನಿಂತಿತು. ಭಾವ ನನಗೆ ಒಂದು ಮಾತೂ ಅನ್ನದೆ ಮಶೀನಿನ ವಯರು ಕಿತ್ತು ಅಲಮಾರಿಯಲ್ಲಿಟ್ಟು ಬೀಗ ಹಾಕಿದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಒಂದು ವಾರದ ಮೇಲೆ ಅದನ್ನು ಹೊರಗೆ ತೆಗೆಸಿದವಳು ಅಕ್ಕನೇ. "ಕಥಿ ನಡುವ ಬಿಟ್ರ ನನಗ ನಿದ್ದಿ ಬರಂಗಿಲ್ಲರಿ," ಎಂದು ಭಾವನೆದುರು ಹಟ ಹಿಡಿದಳು. "ಅದೊಂದು ಆಟ, ಬಿಡು," ಎಂದರು ಭಾವ. ಅಕ್ಕ ಅಳತೊಡಗಿದಾಗ ಬೀಗ ತೆಗೆದುಕೊಟ್ಟರು. ಅಂದಿನಿಂದ ನಾನು ತಂಬಿಗೆ ಅವಳ ಕೈಗೆಟುಕುವಲ್ಲಿ ಇಟ್ಟೇ ಆಟಕ್ಕೆ ಕೂರುತ್ತಿದ್ದೆ. ಕಪ್ಪೆ ಕೊಂದಾಗ ಅವಳು ನಗುವುದೂ ನಿಂತಿತ್ತು. "ಇನ್ನ ಎಷ್ಟ ದೂರ ಅದ?" ಎಂಬುದೊಂದೇ ಪ್ರಶ್ನೆ.

ಏಳನೇ ತಿಂಗಳ ಕೊನೆಗೆ, ಒಂದು ಬೆಳಿಗ್ಗೆ, ಬೆಟ್ಟದ ನೆತ್ತಿ ಮುಟ್ಟಿದೆ. ಅತ್ತೆಯೂ ಹುಣಸೆಹಣ್ಣಿನ ಬುಟ್ಟಿ ಹಿಡಿದು ಬಂದು ಕೂತರು. ಕೆರೆಯ ದಂಡೆಯಲ್ಲಿ ಬಿಳಿ ಬಟ್ಟೆಯ ಮುದುಕಿಯೊಬ್ಬಳು ನಿಂತಿದ್ದಳು. ಹತ್ತಿರ ಹೋಗಿ ಗುಂಡಿ ಒತ್ತಿದೆ. ಸಾಲುಗಳು ಒಂದೊಂದಾಗಿ ಬಂದವು. ನೀನು ಧೈರ್ಯವಂತೆ ಎಂದಳು. ಇದು ನೀನು ಹುಡುಕಿದ ಕೆರೆ ಅಲ್ಲ ಎಂದಳು. ಆ ಕೆರೆ ಸಮುದ್ರದ ಆಚೆ ಇದೆ. ಆಮೇಲೆ ಪರದೆ ಕಪ್ಪಾಗಿ, ನಡುವೆ ಬಿಳಿ ಅಕ್ಷರ ಬಂತು: ಕಥೆ ಎರಡನೇ ಭಾಗದಲ್ಲಿ ಮುಂದುವರಿಯುತ್ತದೆ, ಆಡಿದ್ದಕ್ಕೆ ಧನ್ಯವಾದ.

ನಾನು ಡಿಕ್ಷನರಿ ಮುಟ್ಟಲಿಲ್ಲ. ಪ್ರತಿ ಪದವೂ ತಿಳಿಯಿತು. ಪರೀಕ್ಷೆಯ ಫಲಿತಾಂಶ ನೋಡಿದಾಗಲೂ ಇಷ್ಟು ಮೋಸಹೋದಂತೆ ಅನಿಸಿರಲಿಲ್ಲ. ನಾಲ್ಕು ತಿಂಗಳು. ಅಷ್ಟೂ ಕಪ್ಪೆ, ಬಾವಲಿ, ಆ ಹಾವು, ಆ ಮಧ್ಯಾಹ್ನ. ಯಾರೋ ದೂರದ ದೇಶದಲ್ಲಿ ಕೂತು, ಇಲ್ಲಿಗೆ ಸಾಕು, ಉಳಿದದ್ದನ್ನು ಆಮೇಲೆ ಮಾರೋಣ ಎಂದುಕೊಂಡಿದ್ದರು.

"ಸಿಕ್ತೇನು?" ಅತ್ತೆ ಕೇಳಿದರು.

"ಸಿಕ್ತರಿ," ಎಂದೆ. "ನೀರು ಒಯ್ದು ಕುಡಿಸಿದ್ಲು. ಮಕ್ಕಳೆಲ್ಲ ಎದ್ದಾವ."

ಅತ್ತೆ ಕೈಮುಗಿದರು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

"ತೋರಸು."

"ಏನಕ್ಕಾ?"

"ಮಕ್ಕಳು ಎದ್ದದ್ದು ತೋರಸು."

ಪರದೆಯ ಮೇಲೆ ಆಟ ತನ್ನಷ್ಟಕ್ಕೆ ಮೊದಲಿಗೆ ಹೋಗಿ, ಹೊಸ ಹೆಸರು ಕೇಳುತ್ತ ನಿಂತಿತ್ತು. ಅಕ್ಕ ನಿಧಾನವಾಗಿ ಗೋಡೆಯ ಕಡೆ ಹೊರಳಿ ಮಲಗಿದಳು. ಆ ದಿನ ಊಟ ಮಾಡಲಿಲ್ಲ, ಮರುದಿನ ಅರ್ಧ ರೊಟ್ಟಿ ಮುರಿದು ಬಿಟ್ಟಳು. ನನ್ನ ಜೊತೆ ಹೂಂ, ಊಹೂಂ ಬಿಟ್ಟರೆ ಮಾತಿಲ್ಲ.

ಭಾವನಿಗೆ ನಿಜ ಹೇಳಿದೆ, ದಣಿದಳು ಎಂದು ಓದುತ್ತ ಬಂದದ್ದನ್ನೂ. ಅವರು ವಾರ ಕಾಯದೆ ಸೊಲ್ಲಾಪುರಕ್ಕೆ ಹೋದರು. ಎರಡನೇ ಭಾಗ ಬಂದೇ ಇಲ್ಲ, ಬರುತ್ತದೋ ಇಲ್ಲವೋ ಗೊತ್ತಿಲ್ಲ ಎಂದನಂತೆ ಅಂಗಡಿಯವನು. ಕಾರು ಓಡಿಸುವ ಕ್ಯಾಸೆಟ್ಟು ಒಯ್ಯಿರಿ ಎಂದನಂತೆ. ಭಾವ ಬಿಡದೆ ಪೀಡಿಸಿದಾಗ, ಜೇವರ್ಗಿಯಲ್ಲಿ ಟೈಪಿಂಗ್ ಕ್ಲಾಸು ನಡೆಸುವವರೊಬ್ಬರು ಇದನ್ನೇ ಒಯ್ದಿದ್ದಾರೆ, ಅವರ ಬಳಿ ಮುಂದಿನದು ಇದ್ದರೂ ಇರಬಹುದು ಎಂದು ಹೇಳಿ ಕಳಿಸಿದ್ದ.

"ನನಗ ಆ ಆಟದ್ದು ತಿಳಿಯಂಗಿಲ್ಲ, ನೀನೂ ಬಾ ತಂಗಿ," ಎಂದರು. ಗುಲ್ಬರ್ಗಾದ ಬಸ್ಸು ಹತ್ತಿದೆವು. ಅಲ್ಲಿಂದ ಜೇವರ್ಗಿಗೆ ಇನ್ನೊಂದು. ಚೌಡಾಪುರದಲ್ಲಿ ಗಾಣಗಾಪುರಕ್ಕೆ ಹೋಗುವ ಜನ ಇಳಿದು ಬಸ್ಸು ಖಾಲಿಯಾದ ಮೇಲೆ ಭಾವ ಬಾಯಿಬಿಟ್ಟರು.

"ನೀ ಮನಸ್ಸಿಗೆ ಹಚ್ಕೋಬ್ಯಾಡ. ಅಕಿಗೆ ಮೊದಲ ಗೊತ್ತಿತ್ತು."

"ಏನ್ ಗೊತ್ತಿತ್ರಿ?"

"ಡಿ ಇ ಎ ಡಿ ಅಂದ್ರ ಏನ್ರಿ ಅಂತ ಆಟ ಶುರುವಾದ ಮೊದಲನೇ ತಿಂಗಳದಾಗ ನನಗ ಕೇಳಿದ್ಲು. ಸತ್ತದ್ದು ಅಂತ ಹೇಳೀನಿ. ಯಾಕ ಕೇಳ್ತಾಳ ಅಂತ ನನಗೇನ್ ಗೊತ್ತು?"

ಉಳಿದ ದಾರಿಯಲ್ಲಿ ಲೆಕ್ಕ ಹಾಕಿದೆ. ಮೂರು ತಿಂಗಳು ನಾನು ದಣಿದಳು ಎಂದಾಗಲೆಲ್ಲ ಅವಳು ಸತ್ತಳು ಎಂದು ಓದಿಕೊಂಡಿದ್ದಳು, ಅದೂ ಆ ಹೆಸರಿನ ಮುಂದೆ. ಓದಿಕೊಂಡು ನನ್ನ ಕಡೆ ನೋಡಿ ತಲೆಯಾಡಿಸಿದ್ದಳು.

ಟೈಪಿಂಗ್ ಕ್ಲಾಸಿನವರು ಐವತ್ತರ ಹತ್ತಿರದ, ಕನ್ನಡಕದ ಮನುಷ್ಯ. ಒಂಟಿ. ಒಳಗೆ ಹತ್ತು ಮಶೀನುಗಳು ಖಟಖಟ ಎನ್ನುತ್ತಿದ್ದವು. ಭಾವ ವಿಷಯ ಹೇಳಿದಾಗ ಅವರಿಗೆ ನಾಚಿಕೆಯಾದಂತಿತ್ತು. ಸುತ್ತ ನೋಡಿ, "ಬರ್ರಿ, ಒಳಗ ಕೂಡ್ರಿ," ಎಂದು ಹಿಂದಿನ ಕೋಣೆಗೆ ಕರೆದೊಯ್ದರು. ಮೇಜಿನ ಸೆಳೆಖಾನೆಯಿಂದ ಒಂದು ಉದ್ದ ನೋಟುಬುಕ್ಕು ತೆಗೆದರು. ಒಳಗೆ ಆ ಕಾಡು, ಗುಹೆ, ಬೆಟ್ಟ ಎಲ್ಲದರ ನಕಾಶೆ, ಬಣ್ಣದ ಪೆನ್ಸಿಲಿನಲ್ಲಿ. ಗುಪ್ತ ಸಂಕೇತಗಳನ್ನು ಟೈಪು ಮಾಡಿ ಅಂಟಿಸಿದ್ದರು.

"ನಾನೂ ಅಲ್ಲೇ ಬಂದು ನಿಂತೀನ್ರಿ ತಂಗಿ," ಎಂದರು. "ಮುದುಕಿ ಹಂಗಂದ ಮ್ಯಾಲ ನಂಬಿಕಿ ಬರಲಿಲ್ಲ. ನಂದೇ ಏನರೆ ತಪ್ಪಾಗ್ಯದೇನೋ ಅಂತ ಮೊದಲಿಂದ ಇನ್ನೊಂದ್ ಸಲ ಆಡಿದೆ. ಆವಾಗೂ ಅದೇ ಆತು. ಡಬ್ಬಿ ಮ್ಯಾಲಿನ ವಿಳಾಸಕ್ಕ ಎರಡ್ ಪತ್ರಾ ಹಾಕೀನಿ, ಇಂಗ್ಲಿಷ್‌ನ್ಯಾಗ. ಜವಾಬು ಬಂದಿಲ್ಲ."

"ಮಕ್ಕಳು ಏಳ್ತಾರೋ ಇಲ್ಲೋ, ನಿಮಗ ಏನ್ ಅನಸ್ತದ್ರಿ?" ಎಂದು ಕೇಳಿದೆ. ಕೇಳಿದ ಮೇಲೆ ನನಗೇ ನಾಚಿಕೆಯಾಯಿತು.

ಅವರು ನಗಲಿಲ್ಲ. "ಅದನ್ನ ಮಾಡಿದವರೇ ಇನ್ನ ಯೋಚನಿ ಮಾಡಿರಲಿಕ್ಕಿಲ್ಲರಿ," ಎಂದರು. ಚಹಾ ಕುಡಿಸಿ, ಬಸ್ ಸ್ಟ್ಯಾಂಡಿನ ತನಕ ಬಂದು ಬಿಟ್ಟುಹೋದರು.

ಅಫಜಲಪುರ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ನಾನು ಅಕ್ಕನ ಹಾಸಿಗೆಯ ಪಕ್ಕ ಕೂತು, ಎರಡನೇ ಭಾಗ ಎಲ್ಲೂ ಇಲ್ಲವೆಂದು ಹೇಳಿದೆ. ಮುದುಕಿ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅವಳು ಗೋಡೆಯ ಕಡೆಯಿಂದ ಹೊರಳದೆ ಕೇಳಿಸಿಕೊಂಡಳು.

"ಆ ಮಕ್ಕಳು ಎದ್ರ ನಂದೂ ಉಳೀತದ ಅಂತ ಹಿಡಿದಿದ್ದೆ," ಎಂದಳು. "ಹುಚ್ಚಿ ಅನ್ನು ಬೇಕಾದ್ರ."

"ಮೊದಲ ಹೇಳಬೇಕಿತ್ತಲ್ಲಕ್ಕಾ."

"ಹೇಳಿದ್ರ ಏನ್ ಮಾಡ್ತಿದ್ದಿ? ಇನ್ನೂ ಛಂದಾಗಿ ಸುಳ್ಳ ಓದ್ತಿದ್ದಿ."

ಎಂಟನೇ ತಿಂಗಳು ನಡೆಯುವಾಗಲೇ ನೋವು ಶುರುವಾಗಿ, ಅಂಗಡಿ ಓಣಿಯವರೊಬ್ಬರ ಜೀಪಿನಲ್ಲಿ ಗುಲ್ಬರ್ಗಾದ ಆಸ್ಪತ್ರೆಗೆ ಒಯ್ದೆವು. ಹೆಣ್ಣು ಹುಟ್ಟಿತು. ಅಂಗೈಯಗಲ ಇತ್ತು ಎಂದರೆ ಹೆಚ್ಚಾಗದು. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ದಿನಾ ಬೆಳಿಗ್ಗೆ ಡಾಕ್ಟರು ಒಂದು ಹಾಳೆಯಲ್ಲಿ ಏನೋ ಬರೆದು ಹೋಗುತ್ತಿದ್ದರು. ಮೊದಲ ದಿನ ನಾನು ಹಾಳೆಗೆ ಕೈ ಚಾಚಿದೆ. ಅಕ್ಕ ಅದನ್ನು ನನ್ನನ್ನು ದಾಟಿಸಿ ನರ್ಸಿನ ಕೈಗೆ ಕೊಟ್ಟಳು.

"ನರ್ಸಬಾಯಿ, ಇದರಾಗ ಏನ್ ಬರದದ, ನೀವ ಓದಿ ಹೇಳ್ರಿ."

"ನಾ ಓದ್ತೇನಿ ಅಕ್ಕಾ," ಎಂದೆ.

"ನೀ ನನಗ ಛಲೋ ಅನಸೂದಷ್ಟ ಓದ್ತಿ," ಎಂದಳು. ಸಿಟ್ಟಿರಲಿಲ್ಲ ಧ್ವನಿಯಲ್ಲಿ. "ನನಗ ಅದರಾಗ ಇದ್ದದ್ದು ಬೇಕು."

ಹತ್ತೊಂಬತ್ತು ದಿನ ನರ್ಸೇ ಓದಿದಳು. ಕೆಲವು ದಿನ ಅದರಲ್ಲಿ ಇದ್ದದ್ದು ಒಳ್ಳೆಯದಾಗಿರಲಿಲ್ಲ. ಅಕ್ಕ ಕೇಳಿಸಿಕೊಂಡು, ಹಾಳೆ ಮಡಿಸಿ ದಿಂಬಿನ ಕೆಳಗಿಟ್ಟು, ಕಣ್ಣುಮುಚ್ಚಿ ಕೂರುತ್ತಿದ್ದಳು. ಇಪ್ಪತ್ತನೇ ದಿನ ಕೂಸನ್ನು ಅವಳ ಮಡಿಲಿಗೆ ಕೊಟ್ಟರು. ತೊಟ್ಟಿಲಿನ ದಿನ ಅತ್ತೆ ತಮ್ಮ ತಾಯಿಯ ಹೆಸರು ಹೇಳಿದರು, ಅಕ್ಕ ಆಗಲಿ ಎಂದಳು. ತನ್ನ ಮನಸ್ಸಿನಲ್ಲಿದ್ದ ಹೆಸರಿನ ಮಾತೇ ಎತ್ತಲಿಲ್ಲ. ನನಗೂ ಕೇಳುವ ಧೈರ್ಯವಾಗಲಿಲ್ಲ.

ಮಶೀನನ್ನು ಭಾವ ಸೊಲ್ಲಾಪುರಕ್ಕೆ ಒಯ್ದು ಕೊಟ್ಟುಬಂದರು. ನಾನು ಆಳಂದಕ್ಕೆ ವಾಪಸಾಗಿ ಇಂಗ್ಲಿಷ್ ಪರೀಕ್ಷೆ ಮತ್ತೆ ಕಟ್ಟಿದೆ. ಈ ಸಲ ಪಾಸಾದೆ. ಮನೆಯಲ್ಲಿ ಪೇಢೆ ಹಂಚಿದರು. ಅಂದು ಮಧ್ಯಾಹ್ನ ಅಕ್ಕನಿಗೆ ಪತ್ರ ಬರೆದೆ. ಆಟದಲ್ಲಿ ಯಾವ ಯಾವ ಕಡೆ ಏನು ಬರೆದಿತ್ತು, ನಾನು ಏನೆಂದು ಓದಿದೆ, ನೆನಪಿದ್ದಷ್ಟೂ ಬರೆದೆ. ಹಾವಿನ ಜೊತೆ ಕಾದಾಡಿದ ಆ ಮಧ್ಯಾಹ್ನ ಅವಳು ನೀರು ಕೇಳಿದ್ದು ನನಗೆ ಕೇಳಿಸಿದ್ದರೂ ಕೇಳಿಸಿರಬಹುದು ಎಂದೂ ಬರೆದೆ. ನಾಲ್ಕು ಹಾಳೆಯಾಯಿತು.

ಹದಿನೈದು ದಿನದ ಮೇಲೆ ನೀಲಿ ಇನ್‌ಲ್ಯಾಂಡ್ ಪತ್ರ ಬಂತು, ಅಕ್ಕನ ದುಂಡನೆಯ ಅಕ್ಷರದಲ್ಲಿ. ಕೂಸು ಈಗ ಬೋರಲಾಗುತ್ತಿದೆ, ಅತ್ತೆಯ ಮೊಣಕಾಲು ನೋವು ಹೆಚ್ಚಾಗಿದೆ, ಭೀಮಾ ನದಿಗೆ ನೀರು ಬಂದು ಎರಡು ದಿನ ಬಸ್ಸು ನಿಂತಿದ್ದವು. ನಾನು ಬರೆದ ನಾಲ್ಕು ಹಾಳೆಯ ಬಗ್ಗೆ ಒಂದಕ್ಷರವಿರಲಿಲ್ಲ. ಪತ್ರವನ್ನು ತಿರುಗಿಸಿ, ಅಂಟು ಹಚ್ಚಿದ ಅಂಚನ್ನೂ ಬಿಡಿಸಿ ನೋಡಿದೆ. ಕೊನೆಗೆ ಸಂದಿಯಲ್ಲಿ ಅಡ್ಡವಾಗಿ ಬರೆದಿದ್ದಳು: ಬರುವಾಗ ಕೂಸಿಗೆ ಎರಡು ಹತ್ತಿ ಅಂಗಿ ಹೊಲಿಸಿಕೊಂಡು ಬಾ, ಇಲ್ಲಿಯ ಟೇಲರ್ ತೋಳು ಬಿಗಿ ಮಾಡುತ್ತಾನೆ.

ಅದನ್ನು ಕ್ಷಮೆ ಎಂದುಕೊಳ್ಳಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ಮರುದಿನ ಬಜಾರಿಗೆ ಹೋಗಿ ಮೆತ್ತನೆಯ ಬಟ್ಟೆ ಹುಡುಕಿ ತಂದೆ.